ತವರ ಸೋಕದ ನೂಲು

ಕಂದು, ಹಾಲಿನಂತಿರಬೇಕಾದದ್ದು ಫ್ಲಾಸ್ಕಿನೊಳಗೆ ಕಂದು ಪಾಕವಾಗಿ ಕೂತಿದೆ, ತಳದಲ್ಲಿ ಕಿಣ್ವದ ಮಣಿಗಳು ಸೀದ ಸಾಸಿವೆಯ ಹಾಗೆ ಕಪ್ಪಗೆ, ಶಾಖದ ಮೀಟರಿನ ಮುಳ್ಳು ನೂರೆಪ್ಪತ್ತು ಡಿಗ್ರಿಯಲ್ಲಿ, ಅವಳು ಇಟ್ಟು ಹೋದದ್ದು ಎಂಬತ್ತಕ್ಕೆ — ಯಾರು ಅಂತ ಕೇಳಬೇಕಾಗಿಯೇ ಇಲ್ಲ, ಅವಳ ಪ್ರಯೋಗಾಲಯಕ್ಕೆ ಹೇಳದೆ ಕೇಳದೆ ನುಗ್ಗುವವನು ಈ ಕಾರ್ಖಾನೆಯಲ್ಲಿ ಒಬ್ಬನೇ, ಮಾಲೀಕ, ಅವಳ ಒಡಹುಟ್ಟಿದ ಅಣ್ಣ, ಅಗೋ ಬಾಗಿಲಲ್ಲೇ ನಿಂತಿದ್ದಾನೆ, ಎಷ್ಟು ದಿನ ಅಂತ ಕಾಯೋದು ಪುಟ್ಟಿ, ಸ್ವಲ್ಪ ಬಿಸಿ ಜಾಸ್ತಿ ಮಾಡಿದ್ರೆ ಬೇಗ ಆಗುತ್ತೆ ಅಂದ್ಕೊಂಡೆ, ಅಂದುಕೊಂಡನಂತೆ, ಇದೇನು ಸ್ನಾನದ ನೀರೇ, ಕಿಣ್ವ ಕಣೋ, ಜೀವದೊಳಗೆ ಹುಟ್ಟಿದ್ದು, ಮಿತಿಮೀರಿ ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಬೆಂದುಹೋಗುತ್ತದೆ, ಹದವಾದ ಶಾಖದಲ್ಲಿ ಬಿಟ್ಟರೆ ಆಮ್ಲಕ್ಕೂ ಆಲ್ಕೋಹಾಲಿಗೂ ಕೊಂಡಿ ಹಾಕುತ್ತ ಹಾಕುತ್ತ ನೂಲಾಗುವ ಪಾಲಿಯೆಸ್ಟರಿನ ಸರಪಳಿ ನೇಯುತ್ತದೆ, ಆಗ ಹುಟ್ಟುವ ನೀರನ್ನು ಪಂಪು ಎಳೆದುಕೊಳ್ಳುತ್ತಿರಬೇಕು, ನಿಧಾನ, ನಿಧಾನವೇ ಅದರ ಗುಣ, ಬಾಯಿ ನೋಯುವಷ್ಟು ಹೇಳಿದ್ದಳು — ಅವನು ಹುಟ್ಟಿದ್ದೇ ಹಾಗೆ, ಅವಳು ನೆಟ್ಟ ಗಿಡದ ಮೊಗ್ಗನ್ನು ಬೆರಳಿನಿಂದ ಬಿಡಿಸಿ ನೋಡು ಅರಳಿಸಿದೆ ಅನ್ನುತ್ತಿದ್ದ, ಎಸಳೆಲ್ಲ ಹರಿದು ಕೈಯಲ್ಲಿ, ಅಪ್ಪ ಮಾತ್ರ ಹೋಗ್ಲಿ ಬಿಡಮ್ಮ, ನಿಮ್ಮಣ್ಣ ತಾನೇ ಅನ್ನುತ್ತಿದ್ದರು, ಬಿಟ್ಟು ಬಿಟ್ಟೇ ಇಷ್ಟು ದೂರ ಬಂದಿದೆ, ಈಗ ಅವನ ಕೈಯಲ್ಲೊಂದು ನೂಲಿನ ಉಂಡೆ, ಡಾಕ್ಟರಮ್ಮ ಬಂದ್ಬಿಟ್ರು, ಇದನ್ನೇ ನಿಂದು ಅಂತ ತೋರಿಸು, ನೋಡೋಕೆ ಎರಡೂ ಒಂದೇ, ಒಂದೇ ಅಂತೆ, ಕಿಣ್ವದ ಬದಲು ತವರ ಹಾಕಿ ಒಂದೇ ದಿನದಲ್ಲಿ ಕುದಿಸಿಳಿಸಿದ ಕಾರ್ಖಾನೆಯ ನೂಲು, ಅದರೊಳಗೆ ತವರದ ಕಣ ಉಳಿದೇ ಉಳಿಯುತ್ತದೆ, ಹಸುಗೂಸುಗಳ ಕರುಳು ಹೊಲಿಯಲು ಲೋಹದ ಸೋಂಕಿಲ್ಲದ ನೂಲು ಬೇಕು ಅಂತ ಆ ಡಾಕ್ಟರಮ್ಮನೇ ಅವಳ ಎದುರು ಕೂತು ಕೇಳಿದ್ದರು, ಅಷ್ಟರಲ್ಲಿ ಡಾಕ್ಟರಮ್ಮ ಒಳಗೇ ಬಂದಾಯಿತು, ಅಣ್ಣನ ಮುಖದ ತುಂಬ ಹಲ್ಲು, ನೋಡಿ ಡಾಕ್ಟ್ರೇ, ನಮ್ಮ ಪುಟ್ಟಿ ಕಿಣ್ವದಿಂದಲೇ ಮಾಡಿದ್ದು, ಆಕೆ ನೂಲನ್ನು ಎರಡು ಬೆರಳುಗಳ ನಡುವೆ ಬಿಗಿಯಾಗಿ ಎಳೆದರು, ಅಬ್ಬಾ, ಇದಕ್ಕೇ ಕಾಯ್ತಿದ್ದೆ ನೋಡಮ್ಮ, ಪರೀಕ್ಷೆ ಶುರು ಮಾಡ್ಬಿಡೋಣ — ಅದು ತವರದ್ದು ಡಾಕ್ಟ್ರೇ, ತನ್ನ ದನಿ ಇಷ್ಟು ಗಟ್ಟಿಯೇ, ನಂದು ಇಲ್ಲಿದೆ, ಅಣ್ಣ ಸುಟ್ಟುಹಾಕಿದಾನೆ, ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿದಳು, ಪುಟ್ಟೀ ಅಂದ ಅವನು, ಪುಟ್ಟಿ ಅನ್ನಬೇಡ, ಇನ್ನೊಂದು ಸಲ ಮಾಡ್ತೀನಿ ಡಾಕ್ಟ್ರೇ, ಈ ಬಾಗಿಲ ಬೀಗದ ಕೈ ನನ್ನ ಹತ್ರ ಮಾತ್ರ ಇದ್ರೆ — ಡಾಕ್ಟರಮ್ಮನ ಮುಖ ನೋಡುವ ಧೈರ್ಯವಿಲ್ಲ, ಬೆರಳುಗಳನ್ನಷ್ಟೇ ನೋಡುತ್ತಾಳೆ, ನಡುವೆ ಆ ಬಿಳಿಯ ನೂಲು, ಬಿಗಿದ ನೂಲು, ಆಕೆ ಇನ್ನೂ ಎಳೆಯುತ್ತಿದ್ದಾರೆ, ಬೆರಳ ತುದಿ ಬೆಳ್ಳಗಾಗಿದೆ, ನೂಲು ಇನ್ನೂ ಹರಿದಿಲ್ಲ