ಎರಡನೆಯ ಹೆಸರು

ನನ್ನ ಲೇಖನಕ್ಕೆ ಎರಡನೆಯ ಹೆಸರೊಂದು ಬೇಕು ಎಂದು ಬಾಯಿ ಬಿಟ್ಟು ಹೇಳಿದವಳು ನಾನಲ್ಲ. ನಮ್ಮ ಗಣಿತ ವಿಭಾಗದ ಮುಖ್ಯಸ್ಥರಾದ ಅನೀಲಕುಮಾರ ಸರ್. ಅವರ ಮಾತು ಮೀರಿಲ್ಲ ನಾನು, ಅವರು ಹೇಳುವ ಮೊದಲೇ ಎರಡನೆಯ ಹೆಸರು ಹಾಕಿದ್ದೆ. ಅದು ಅವರದಲ್ಲ ಎಂಬುದೇ ಅವರ ಸಿಟ್ಟು.

ಸಿಂದಗಿಯ ಒಂದು ಪದವಿ ಕಾಲೇಜಿನಲ್ಲಿ ಆರು ವರ್ಷ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಊಟ ಹಾಕಿ ಉಪಚಾರ ಮಾಡುತ್ತಾರೆ ಎಂದುಕೊಳ್ಳಬೇಡಿ. ಪ್ರತಿ ವರ್ಷ ಬಾಗಿಲಲ್ಲಿ ನಿಂತು, ಈ ವರ್ಷವೂ ಒಳಗೆ ಕರೆಯುತ್ತೀರಾ ಎಂದು ಕೇಳಬೇಕಾದ ಅತಿಥಿ. ಯಾರನ್ನು ಕರೆಯಬೇಕೆಂಬ ಪಟ್ಟಿ ಬರೆಯುವವರು ಅನೀಲಕುಮಾರ ಸರ್. ವಿಭಾಗದಿಂದ ಯಾವ ಸಂಶೋಧನಾ ಲೇಖನ ಹೊರಗೆ ಹೋದರೂ ಅದರ ಮೇಲೆ ಅವರ ಹೆಸರೂ ಇರಬೇಕೆಂಬುದು ಅಲ್ಲಿಯ ರೂಢಿ. ಹಾಗೆ ಅವರ ಹೆಸರಿನಲ್ಲಿ ನಲವತ್ತಮೂರು ಲೇಖನಗಳಾಗಿವೆ. ಅವುಗಳಲ್ಲಿ ಒಂದನ್ನಾದರೂ ಬೋರ್ಡಿನ ಮೇಲೆ ವಿವರಿಸಿ ಎಂದು ಈವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಆ ದಿನ ಇಡೀ ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆಯುವ ಖಡು ಒಂದು ತುಂಡೂ ಸಿಗುತ್ತಿರಲಿಲ್ಲ.

ನನ್ನ ಲೇಖನ ಹುಟ್ಟಿದ್ದು ಇಂಡಿ ಊರಿನ ನಿಂಬೆ ಪೇಟೆಯಲ್ಲಿ. ನನ್ನ ಅವ್ವ ಶೆಟ್ಟೆವ್ವ ಮೂವತ್ತು ವರ್ಷದಿಂದ ಅಲ್ಲಿ ಹಣ್ಣು ಎಣಿಸುತ್ತಾಳೆ. ದಿನಾ ಬೆಳಿಗ್ಗೆ ಸಾಲೋಟಗಿಯಿಂದ ಟಂಟಂ ಹತ್ತಿ ಬಂದು, ಗೆಳತಿಯರಾದ ಲಾಲಬಿ ಮತ್ತು ಸಾವಿತ್ರವ್ವರ ಜೊತೆ ಒಂದೇ ರಾಶಿಯ ಸುತ್ತ ಕೂಡುತ್ತಾಳೆ. ಒಂದು ಕೈಯಲ್ಲಿ ಮೂರು, ಇನ್ನೊಂದು ಕೈಯಲ್ಲಿ ಎರಡು, ಹೀಗೆ ಐದೈದು ಹಣ್ಣು ಚೀಲಕ್ಕೆ ಬೀಳುತ್ತವೆ. ನೂರಾದಾಗಲೊಮ್ಮೆ ಗುರುತಿಗೆಂದು ಒಂದು ಹಣ್ಣನ್ನು ಸೀರೆಯ ಉಡಿಗೆ ಹಾಕುತ್ತಾರೆ. ಕೊನೆಗೆ ಉಡಿಯೊಳಗಿನ ಹಣ್ಣು ಎಣಿಸಿದರೆ ಎಷ್ಟು ನೂರಾಯಿತೆಂದು ಗೊತ್ತಾಗುತ್ತದೆ.

ಚೀಲದಲ್ಲಿ ಹಣ್ಣು ಕಡಿಮೆ ಬಿದ್ದ ದಿನ ದಲ್ಲಾಳಿ ಮೂವರಲ್ಲಿ ಯಾರಾದರೂ ಒಬ್ಬಳನ್ನು ಹಿಡಿದು ಕಳ್ಳಿ ಎಂದು ಬಯ್ಯುತ್ತಿದ್ದ. ಇವರು ಜಗ್ಗುತ್ತಿರಲಿಲ್ಲ. ಮೂವರೂ ಉಡಿ ಬಿಚ್ಚಿ, ಗುರುತಿನ ಹಣ್ಣು ನೋಡಿ, ಯಾರ ಎಣಿಕೆ ತಪ್ಪಿತು, ಯಾರದು ತಪ್ಪಿಲ್ಲ ಎಂದು ಅವನ ಮುಖದ ಮೇಲೆ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ಇದನ್ನು ಎಷ್ಟು ಸಲ ನೋಡಿದ್ದೆನೋ! ದೊಡ್ಡವಳಾಗಿ, ಗಣಿತ ಓದಿ, ಪಾಠ ಹೇಳತೊಡಗಿದ ಮೇಲೆ ಒಂದು ದಿನ ಸಿಂದಗಿ ಬಸ್ಸಿನಲ್ಲಿ ಥಟ್ಟನೆ ಹೊಳೆಯಿತು, ಇದು ಬರೀ ಚಾಲಾಕಿಯಲ್ಲ, ಇದೊಂದು ಪ್ರಮೇಯ. ಎಣಿಸುವವರು ಎಷ್ಟೇ ಜನ ಇರಲಿ, ನೂರರ ಬದಲು ಯಾವ ಸಂಖ್ಯೆಯೇ ಇರಲಿ, ಗುರುತುಗಳನ್ನಷ್ಟೇ ನೋಡಿ ತಪ್ಪಿದವರನ್ನು ಹಿಡಿಯಬಹುದು. ಎರಡು ವರ್ಷ ಕೂತು ಅದರ ಸಾಧನೆ ಬರೆದೆ. ಹದಿನೇಳು ಪುಟವಾಯಿತು. ಹೊರದೇಶದ ಒಂದು ಗಣಿತ ಪತ್ರಿಕೆಗೆ ಕಳಿಸಿದೆ. ಶುಲ್ಕ ಕಟ್ಟಿದರೆ ಮೂರು ದಿನದಲ್ಲಿ ಅಚ್ಚು ಹಾಕುವ ಪತ್ರಿಕೆ ಅದಲ್ಲ, ಇಬ್ಬರು ಪರಿಶೀಲಕರು ಸಾಲುಸಾಲನ್ನೂ ಜಾಲಾಡುವ ಪತ್ರಿಕೆ.

ಒಂಬತ್ತು ತಿಂಗಳ ಮೇಲೆ ಉತ್ತರ ಬಂತು. ಒಬ್ಬ ಪರಿಶೀಲಕರು ಮೆಚ್ಚಿದ್ದರು. ಇನ್ನೊಬ್ಬರು ಎರಡೇ ಸಾಲು ಬರೆದಿದ್ದರು: ಮೂರು ಜನ, ಇಪ್ಪತ್ತು ಹಣ್ಣು ಇಟ್ಟುಕೊಂಡು ನೋಡಿ, ನಿಮ್ಮ ಮುಖ್ಯ ಪ್ರಮೇಯ ಸುಳ್ಳು. ನೋಡಿದೆ. ಸುಳ್ಳಾಗಿಯೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನೂ ಎಂಟು ದಿನ ಆ ಪುಣ್ಯಾತ್ಮನನ್ನು ಬಯ್ಯುತ್ತ ಓಡಾಡಿದೆ. ಪೇಟೆಯಲ್ಲಿ ಮೂವತ್ತು ವರ್ಷ ಸೋಲದ ಪದ್ಧತಿ ಕಾಗದದ ಮೇಲೆ ಯಾಕೆ ಸೋಲಬೇಕು?

ಕಡೆಗೆ ಒಂದು ದಿನ ಲೇಖನವನ್ನು ಎದುರಿಗಿಟ್ಟುಕೊಂಡು ರಾಶಿಯ ಪಕ್ಕ ಕೂತೇಬಿಟ್ಟೆ. ಅದರಲ್ಲಿ ಹೇಗೆ ಬರೆದಿದೆಯೋ ಹಾಗೆ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಎಣಿಸಿದೆ. ನೂರಾಯಿತು. ಗುರುತಿನ ಹಣ್ಣು ತೆಗೆದು ನನ್ನ ಓಢಣಿಯಲ್ಲಿ ಇಟ್ಟುಕೊಂಡೆ. ಅವ್ವ ನನ್ನ ಕೈಮೇಲೆ ಫಟ್ಟನೆ ಹೊಡೆದಳು.

"ಏ ಹುಚ್ಚಿ, ತನ್ನ ಗುರುತು ತಾನ ಇಟ್ಕೋತಾರೇನ? ಲಾಲಬಿ ಉಡ್ಯಾಗ ಹಾಕು. ಆಕೀದು ಸಾವಿತ್ರವ್ವನ ಉಡ್ಯಾಗ, ಸಾವಿತ್ರವ್ವಂದು ನನ್ನ ಉಡ್ಯಾಗ. ತನ್ನ ಲೆಕ್ಕಕ್ಕ ತಾನ ಪಂಚ ಆಗಿ ತೀರ್ಪು ಕೊಡೂದು ಎಲ್ಲ್ಯರ ಐತೇನ?"

ಇದು ನನಗೆ ಗೊತ್ತಿತ್ತು. ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಅದಕ್ಕೇ ಬರೆದಿರಲಿಲ್ಲ. ಗುರುತನ್ನು ಉಡಿಗೆ ಹಾಕುವುದು ಎಂದು ಬರೆದಿದ್ದೆ, ಯಾರ ಉಡಿಗೆ ಎಂದೂ ಹೇಳಬೇಕಾಗುತ್ತದೆಂದು ನಮ್ಮ ಪೇಟೆಯಲ್ಲಿ ಬೆಳೆದ ಯಾರ ತಲೆಗೆ ಹೊಳೆಯುತ್ತದೆ? ಪಾಪ, ಪರಿಶೀಲಕರು ಎಲ್ಲರ ಗುರುತನ್ನೂ ಅವರವರ ಉಡಿಯಲ್ಲೇ ಇಟ್ಟು ನೋಡಿದ್ದರು. ಆ ಒಂದು ಮಾತು ಸೇರಿಸಿದೆ, ಸಾಧನೆಯನ್ನು ಮತ್ತೆ ಕಟ್ಟಿದೆ, ಗಟ್ಟಿಯಾಗಿ ನಿಂತಿತು. ಆ ಮಾತಿಲ್ಲದೆ ಪ್ರಮೇಯವೇ ಇಲ್ಲ. ಅಂಥ ಮಾತು ಹೇಳಿದವರನ್ನು ಗಣಿತದಲ್ಲಿ ಲೇಖಕರು ಎನ್ನುತ್ತಾರೆ. ಹಾಗಾಗಿ ನನ್ನ ಹೆಸರಿನ ಕೆಳಗೆ ಶೆಟ್ಟೆವ್ವ, ನಿಂಬೆ ಪೇಟೆ, ಇಂಡಿ ಎಂದು ಬರೆದು ಕಳಿಸಿದೆ.

ಎರಡು ತಿಂಗಳಲ್ಲಿ ಪತ್ರಿಕೆಯ ಸಂಪಾದಕಿ ಬರೆದರು. ಇಬ್ಬರೂ ಪರಿಶೀಲಕರು ಒಪ್ಪಿದ್ದಾರೆ, ಲೇಖಕರೆಲ್ಲ ಒಪ್ಪಿಗೆ ಕಳಿಸಿದರೆ ಪ್ರಕಟಿಸುತ್ತೇವೆ ಎಂದು. ಸುದ್ದಿ ವಿಭಾಗಕ್ಕೆ ಹೇಗೆ ಮುಟ್ಟಿತೋ, ಮರುದಿನವೇ ಅನೀಲಕುಮಾರ ಸರ್ ಕರೆಸಿದರು.

"ಅಭಿನಂದನೆ ಮೇಡಂ. ಭಾಳ ದೊಡ್ಡ ಪತ್ರಿಕಾ ಅಂತಲ್ರಿ. ಒಪ್ಪಿಗಿ ಕಳಸೂಮುಂದ ಎರಡನೇ ಹೆಸರು ನಂದು ಹಾಕ್ರಿ. ಒಂದ ಹೆಸರಿದ್ದರ ಲೇಖನ ಬೋಳು ಬೋಳು ಕಾಣತೈತಿ."

"ಸರ್, ನೀವು ಅದನ್ನ ಓದೀರೇನ್ರಿ?"

"ಓದೂದೇನ ಐತ್ರಿ? ನಿಮ್ಮ ಮ್ಯಾಲ ನಂಗ ನಂಬಿಕಿ ಐತಿ."

"ಎರಡನೇ ಹೆಸರು ಆಗಲೇ ಹಾಕೇನ್ರಿ ಸರ್. ನಮ್ಮ ಅವ್ವಂದು."

ಅವರು ನಕ್ಕರು. ತಮಾಷೆ ಎಂದುಕೊಂಡಿದ್ದರು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು.

"ಲಿಂಬಿ ಎಣಸಾಕಿ? ಓದಾಕರ ಬರತೈತೇನ್ರಿ ಆಕಿಗೆ?"

"ಇಲ್ರಿ. ನಿಮಗ ಬರತೈತಿ, ಆದರೂ ನೀವು ಓದಿಲ್ಲ."

"ಮೇಡಂ, ನಾಲಿಗಿ ಹಿಡಿತದಾಗ ಇರಲಿ. ಮುಂದಿನ ವರ್ಷದ ಪಟ್ಟಿ ನಾನ ಬರೀತೇನಿ. ನಿಮ್ಮಂಥವರಿಗೆ ಅವಕಾಶ ಕೊಟ್ಟದ್ದ ತಪ್ಪಾತು."

ನಿಮ್ಮಂಥವರು ಎಂಬ ಮಾತಿನ ಒಳಗೆ ಏನೇನಿದೆ ಎಂಬುದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ನಾನೂ ಶಾಲೆಯ ಒಂದನೇ ಇಯತ್ತೆಯಿಂದ ಕೇಳುತ್ತ ಬಂದಿದ್ದೇನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಸಾಕಾಗಿತ್ತು ನನಗೆ.

"ಬರೀರಿ ಸರ್," ಎಂದೆ. "ಪಟ್ಟಿ ನಿಮ್ಮದು, ಲೇಖನ ನಮ್ಮದು."

ವಾರದೊಳಗೆ ಪಟ್ಟಿ ಹೊರಬಿತ್ತು. ನನ್ನ ಹೆಸರಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸಿಂದಗಿ ಬಸ್ ನಿಲ್ದಾಣದ ಕಂಬದ ಹಿಂದೆ ನಿಂತು ಅತ್ತೆ. ಆರು ವರ್ಷ ನಾನು ಪಾಠ ಹೇಳಿದ ಹುಡುಗಿಯರು ಎದುರಿಗೇ ಓಡಾಡುತ್ತಿದ್ದರು. ಅತ್ತು ಮುಗಿದ ಮೇಲೂ ಹೆಸರು ಬದಲಿಸುವ ಮನಸ್ಸಾಗಲಿಲ್ಲ. ಮನೆಯಲ್ಲಿ ಕೆಲಸ ಹೋಯಿತೆಂದಷ್ಟೇ ಹೇಳಿದೆ, ಯಾಕೆಂದು ಹೇಳಲಿಲ್ಲ.

ಉಳಿದದ್ದು ಒಪ್ಪಿಗೆ. ಪತ್ರಿಕೆಯವರು ಪ್ರತಿ ಲೇಖಕರಿಗೂ ಬೇರೆಬೇರೆ ಸಂದೇಶ ಕಳಿಸುತ್ತಾರೆ. ಅವ್ವನ ಹೆಸರಿನಲ್ಲಿ ನಾನೇ ಒಂದು ಇಮೇಲ್ ಖಾತೆ ತೆರೆದು ಅವಳ ಫೋನಿಗೆ ಹಾಕಿದ್ದೆ. ಪೇಟೆಯಲ್ಲೇ ಆ ಫೋನು ಇಸಿದುಕೊಂಡು, ಅವಳ ಪರವಾಗಿ 'ಹೌದು' ಒತ್ತಲು ಬೆರಳು ಇಟ್ಟಿದ್ದೆ.

"ನಿಂದರು," ಎಂದಳು ಅವ್ವ. "ಏನ ಬರದೈತಿ ಅದರಾಗ?"

"ಈ ಲೇಖನ ಪೂರಾ ಓದೇನಿ, ಇದರಾಗಿನ ಪ್ರತಿ ಮಾತಿಗೂ ನಾನೂ ಹೊಣೆ ಅಂತ ಐತಿ."

"ನಾ ಎಲ್ಲಿ ಓದೇನಿ?"

"ಯವ್ವಾ, ಅದು ಸುಮ್ನ ಕೇಳತಾರ. ಎಲ್ಲಾರೂ ಹೌದ ಅಂತ ಒತ್ತತಾರ."

"ಎಲ್ಲಾರ ಮಾತು ನನಗ ಹೇಳಬ್ಯಾಡ. ಓದಿಲ್ಲ ಅಂದಮ್ಯಾಲ ಹೌದ ಅಂತ ಹೆಂಗ ಅನ್ನಲಿ? ನೀ ಓದು, ನಾ ಕೇಳತೇನಿ."

ಒಪ್ಪಿಗೆ ಕಳಿಸಲು ಇನ್ನೂ ಹತ್ತು ದಿನವಿತ್ತು. ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನಾಚಿಕೆಯೇ ಹೆಚ್ಚು. ಮರುದಿನದಿಂದ ರಾಶಿಯ ಪಕ್ಕ ಕೂತು ಓದಿದೆ. ಇಂಗ್ಲಿಷಿನಲ್ಲಿದ್ದುದನ್ನು ನಮ್ಮ ಮಾತಿಗೆ ತಂದು, ಚಿಹ್ನೆ ಬಂದಲ್ಲಿ ಹಣ್ಣು ಜೋಡಿಸಿ ತೋರಿಸಿ, ದಿನಕ್ಕೆ ನಾಲ್ಕು ಪುಟ. ಮೂವರೂ ಎಣಿಸುತ್ತಲೇ ಕೇಳುತ್ತಿದ್ದರು. ಆರನೇ ಪುಟಕ್ಕೆ ಸಾವಿತ್ರವ್ವ, "ಇಷ್ಟ ಸಣ್ಣ ಮಾತಿಗೆ ಇಷ್ಟ್ಯಾಕ ಸುತ್ತ ಬರದೀ?" ಎಂದು ಕೇಳಿದಳು. ನಾನು ಮುಂದಿನ ಪುಟ ತಿರುವಿದೆ.

ಮೂರನೆಯ ದಿನ ಒಂಬತ್ತನೇ ಪುಟ. ಎಣಿಸುವವರು ಇಬ್ಬರೇ ಇದ್ದರೂ ಪ್ರಮೇಯ ನಿಲ್ಲುತ್ತದೆ, ಇನ್ನೂರು ಮಂದಿ ಇದ್ದರೂ ನಿಲ್ಲುತ್ತದೆ ಎಂದು ಓದಿದೆ. ಅವ್ವನ ಕೈ ನಿಂತಿತು.

"ಇಬ್ಬರಿದ್ದರ ನಿಲ್ಲೂದಿಲ್ಲ."

"ನಿಲ್ಲತೈತಿ ಯವ್ವಾ. ಇಬ್ಬರು ದೊಡ್ಡ ಪಂಡಿತರು ನೋಡ್ಯಾರ."

"ಅವರು ಲಿಂಬಿ ಎಣಿಸ್ಯಾರೇನ? ಇಲ್ನೋಡು. ನಾನೂ ಲಾಲಬೀನೂ ಇಬ್ಬರ ಅದೇವಿ ಅನ್ಕೋ. ನಾ ಐದನೂರು ಎಣಿಸೇನಿ ಅಂತೇನಿ. ಆಕಿ ಉಡ್ಯಾಗ ನನ್ನ ಗುರುತು ನಾಕ ಅದಾವ. ನಾ ಎಣಿಸೂದು ತಪ್ಪಿದ್ನೋ, ಆಕಿ ಒಂದು ಕಳದಾಳೋ?"

"ನಾ ಯಾಕ ಕಳೀಲಿ?" ಎಂದು ಲಾಲಬಿ ಗದರಿದಳು.

"ನೋಡಿದಿ? ಜಗಳ ಹತ್ತಿತು. ಮೂರನೇದಾಕಿ ಬೇಕು, ಇಬ್ಬರ ನಡುವ ಸಾಕ್ಷಿ ಹೇಳಾಕ. ಗುರುತು ಸುತ್ತು ಹಾಕಬೇಕು. ಇಬ್ಬರಾಗ ಅದು ಬರೇ ಹೋಗಿ ಬರತೈತಿ."

ಹಣ್ಣು ಹಿಡಿದು ನೋಡಿದೆ. ಮನೆಗೆ ಹೋಗಿ ಪೆನ್ನು ಹಿಡಿದು ನೋಡಿದೆ. ಅವ್ವ ಹೇಳಿದ್ದೇ ಸರಿ. ಎರಡು ವರ್ಷ ನನ್ನ ಕಣ್ಣಿಗೆ, ಒಂದು ವರ್ಷ ಇಬ್ಬರು ಪರಿಶೀಲಕರ ಕಣ್ಣಿಗೆ ಬೀಳದ ತಪ್ಪು ಅದು. ಇಬ್ಬರು ಎಂದಿದ್ದಲ್ಲಿ ಮೂವರು ಎಂದು ತಿದ್ದಿ, ಯಾಕೆಂದು ಅವ್ವ ಹೇಳಿದ್ದನ್ನೇ ಎರಡು ಸಾಲಿನಲ್ಲಿ ಬರೆದು ಸಂಪಾದಕಿಗೆ ಕಳಿಸಿದೆ. ತಪ್ಪು ಕಂಡುಹಿಡಿದವರು ಎರಡನೆಯ ಲೇಖಕಿ ಎಂದೂ ಬರೆದೆ. ಅವರಿಂದ ಎರಡೇ ದಿನದಲ್ಲಿ ಉತ್ತರ ಬಂತು: ನಾವೆಲ್ಲ ನೋಡದೆ ಬಿಟ್ಟಿದ್ದೆವು, ತಿದ್ದಿದ್ದೇವೆ, ಅವರಿಗೆ ನಮ್ಮ ಧನ್ಯವಾದ ತಿಳಿಸಿ, ಅವರ ಒಪ್ಪಿಗೆಗೆ ಕಾಯುತ್ತಿದ್ದೇವೆ.

ಉಳಿದ ಪುಟಗಳನ್ನೂ ಓದಿ ಮುಗಿಸಿದೆ. ಅವ್ವ ಫೋನು ಕೈಗೆ ತೆಗೆದುಕೊಂಡಳು, ಆದರೆ ಒತ್ತಲಿಲ್ಲ. ಲಾಲಬಿಯ ಮಗಳು ಮಾಬುಬಿ ನಮ್ಮ ಕಾಲೇಜಿನಲ್ಲೇ ಓದುತ್ತಾಳೆ. ಅವಳಿಂದ ಮಾತು ಪೇಟೆಗೆ ಬಂದಿರಬೇಕು.

"ನನ್ನ ಹೆಸರು ಹಾಕಿದ್ದಕ್ಕ ಆ ಸಾಹೇಬ ನಿನ್ನ ಕೆಲಸದಿಂದ ತಗದಾನಂತ. ಖರೇನ?"

ಮಗಳ ಅನ್ನ ಹೋಗುವುದಾದರೆ ನನ್ನ ಹೆಸರು ತೆಗೆ ಎಂದುಬಿಡುತ್ತಾಳೆ ಎಂದು ಹೆದರಿದೆ. ಅವಳ ಜಾಗದಲ್ಲಿ ಯಾವ ತಾಯಿಯಾದರೂ ಹಾಗೆಯೇ ಅನ್ನುತ್ತಿದ್ದಳು. ಅದಕ್ಕೇ ಇಷ್ಟು ದಿನ ಮುಚ್ಚಿಟ್ಟಿದ್ದೆ. ಆದರೆ ಹದಿನೇಳು ಪುಟ ಕೇಳಿದವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಖರೆ," ಎಂದೆ.

"ಅಂವಾ ಎಷ್ಟು ಪುಟ ಓದಿದ್ದ?"

"ಒಂದೂ ಇಲ್ಲ."

"ಓದಲಾರದಂವಂದು ಹಾಕೂದಾದರ, ಓದಿದಾಕೀದು ಯಾಕ ತಗೀಬೇಕು?" ಎಂದು ಅವ್ವ ಬೆರಳನ್ನು ಸೀರೆಗೆ ಒರೆಸಿಕೊಂಡು, 'ಹೌದು' ಎಲ್ಲಿದೆ ಎಂದು ನನ್ನನ್ನು ಕೇಳಿ, ಅದನ್ನು ತಾನೇ ಒತ್ತಿದಳು.