ಲಿಫ್ಟ್ ನಿಂತಿದ್ದ ಹೊತ್ತು

ಪರದೆಯ ಮೇಲೆ ಜೇನುಗೂಡು ಅರ್ಧ ಮೂಡಿತ್ತು. ಯಂತ್ರದ ಸೂಜಿ ಪರಮಾಣುಗಳನ್ನು ಗೆರೆಗೆರೆಯಾಗಿ ಸವರುತ್ತಾ ಇಳಿಯುತ್ತಿದ್ದಾಗ ವಾಚ್‌ಮನ್‌ನ ಸಂದೇಶ ಬಂತು: ಮೇಷ್ಟ್ರು ಬಂದಿದ್ದಾರೆ. ಅವಳು ಕುರ್ಚಿ ಕಿರುಗುಟ್ಟದಂತೆ ಬಗ್ಗಿ, ಸ್ವಲ್ಪ ಹೊತ್ತು ಕೂರಿಸಿ ಎಂದು ಉತ್ತರ ಬರೆದಳು.

ಪರಮಾಣುಗಳು ಜೇನುಗೂಡಿನಂತೆ ಹೆಣೆದುಕೊಂಡ, ಇಂಗಾಲದ ಒಂದೇ ಪದರದ ಹಾಳೆಯ ಸಂಶೋಧನೆಗೆಂದೇ ವಿಶ್ವವಿದ್ಯಾಲಯ ಕಟ್ಟಿಸಿದ ಕಟ್ಟಡ ಅದು. ಅಲುಗಾಟ ತಟ್ಟಬಾರದೆಂದು ಈ ಕೋಣೆಯನ್ನು ನೆಲದಡಿ ಎರಡು ಅಂತಸ್ತು ಕೆಳಗಿಟ್ಟಿದ್ದರು. ಆದರೂ ಲಿಫ್ಟ್ ಓಡಿದರೆ ಚಿತ್ರದ ಗೆರೆಗಳು ನಡುಗುತ್ತಿದ್ದವು. ಅದಕ್ಕೇ ಅಳತೆ ನಡೆಯುವಾಗ ಲಿಫ್ಟ್ ಬಂದ್. ಈ ನಿಯಮ ಬರಲೇಬೇಕೆಂದು ಸಭೆಯಲ್ಲಿ ಪಟ್ಟು ಹಿಡಿದವಳು ಅವಳೇ.

ಮೇಷ್ಟ್ರ ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದಕ್ಕೆ ನಾಳೆ ಆಪರೇಷನ್; ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಜೀವನವಿಡೀ ಈ ಜೇನುಗೂಡನ್ನು ಸೀಮೆಸುಣ್ಣದಲ್ಲಿ ಬರೆದು ಪಾಠ ಹೇಳಿದವರು, ನಿಜವಾದದ್ದನ್ನು ಒಂದು ಸಲ ನೋಡಿಬಿಡಬೇಕು ಎಂದು ಫೋನಿನಲ್ಲಿ ಕೇಳಿದ್ದರು. ಯಾರನ್ನೂ ಏನನ್ನೂ ಕೇಳುವವರಲ್ಲ ಅವರು. ಈ ಕಟ್ಟಡ ಏಳುವ ಮೊದಲು, ಹಳೆಯ ಸ್ಟೋರ್ ರೂಮಿನಲ್ಲಿ, ಪೆನ್ಸಿಲ್ ಸೀಸದ ಚೂರಿಗೆ ಗಮ್ ಟೇಪ್ ಒತ್ತಿ, ಕಿತ್ತು, ಮಡಿಸಿ, ಮತ್ತೆ ಕಿತ್ತು, ಕಣ್ಣಿಗೆ ಕಾಣದ ಒಂದೇ ಪದರ ಉಳಿಯುವವರೆಗೆ ಇಂಗಾಲವನ್ನು ತೆಳು ಮಾಡುತ್ತಾ ಹೋಗುವುದನ್ನು ಅವಳಿಗೆ ಕಲಿಸಿದ್ದು ಅವರೇ. ಕೀಳುವಾಗ ಅವಳು ಉಸಿರು ಕಟ್ಟಿಕೊಳ್ಳುವುದನ್ನು ಕಂಡು 'ಮುಳುಗುಗಾತಿ' ಎಂದು ಹೆಸರಿಟ್ಟಿದ್ದರು.

ಚಿತ್ರ ಮುಗಿಯಿತು. ಚೆನ್ನಾಗಿಯೇ ಇತ್ತು, ಕೆಳಗಿನ ಒಂದು ಮೂಲೆ ಮಾತ್ರ ಮಸುಕು. ಅವರಿಗೆ ಮಸುಕಾದದ್ದನ್ನು ತೋರಿಸುವುದು ಹೇಗೆ ಎಂದುಕೊಂಡಳು. ತನ್ನ ಲೇಖನಕ್ಕೂ ಇದೇ ಚಿತ್ರ ಬೇಕಿತ್ತೆಂಬುದು ಆಗ ನೆನಪಾಗಲಿಲ್ಲ. ಅಥವಾ ನೆನಪಾಗಿಯೂ ಪಕ್ಕಕ್ಕೆ ಸರಿಸಿದಳು. ಸೂಜಿಯನ್ನು ಮತ್ತೆ ಮೊದಲ ಗೆರೆಗೆ ತಂದಳು.

ಎರಡನೆಯದು ಮೂಲೆಮೂಲೆಯೂ ನಿಚ್ಚಳವಾಗಿ ಬಂತು. ಲಿಫ್ಟಿನ ಕೀಲಿ ತಿರುಗಿಸಿ ಮೇಲೆ ಹೋದರೆ ಹಜಾರದ ಸೋಫಾ ಖಾಲಿ.

ವಾಚ್‌ಮನ್ ಎದ್ದು ನಿಂತ. ಮೇಷ್ಟ್ರು ಬಹಳ ಹೊತ್ತು ಕಾದರಂತೆ. ಮೆಟ್ಟಿಲಿಳಿಯಲು ನೋಡಿ, ಅಂಚು ಕಾಣದೆ, ಕಂಬಿ ತಡವಿಕೊಂಡು ವಾಪಸಾದರಂತೆ. ಆಸ್ಪತ್ರೆಗೆ ಸೇರಿಸುವ ಹೊತ್ತಾಯಿತೆಂದು ಮಗಳು ಬಂದು ಕರೆದುಕೊಂಡು ಹೋದರಂತೆ.

"ಮೇಡಮ್‌ಗೆ ಹೇಳಿ ಲಿಫ್ಟ್ ಹಾಕಿಸ್ತೀನಿ ಅಂದೆ, ಅವರೇ ಬಿಡ್ಲಿಲ್ಲ," ಎಂದ. "ಸುಮ್ನಿರಪ್ಪ, ಕೆಳಗೆ ಅವಳು ಉಸಿರು ಕಟ್ಕೊಂಡು ಕೂತಿರ್ತಾಳೆ ಅಂದ್ರು. ನನ್ ಹತ್ರ ಗಮ್ ಟೇಪ್ ಇಸ್ಕೊಂಡು ಏನೋ ಆಟ ಆಡ್ತಿದ್ರು."

ಅವಳು ಅಲ್ಲೇ ನಿಂತು ಫೋನ್ ಮಾಡಿದಳು. ಮಗಳು ಎತ್ತಿ, ಅಪ್ಪನ ಕೈಗೆ ಕೊಟ್ಟರು. ಹಿಂದೆ ಕಾರಿನ ಸದ್ದು ಕೇಳುತ್ತಿತ್ತು.

"ಸರ್, ಚಿತ್ರ ತುಂಬಾ ಚೆನ್ನಾಗಿ ಬಂದಿದೆ. ಈಗ್ಲೇ ಆಸ್ಪತ್ರೆಗೆ ತಗೊಂಡು ಬರ್ತೀನಿ."

"ಯಾಕಮ್ಮಾ ಅಷ್ಟು ದೂರ. ಚಿತ್ರಗಳನ್ನ ಪುಸ್ತಕಗಳಲ್ಲಿ ಬೇಕಾದಷ್ಟು ನೋಡಿದೀನಿ. ಅದು ಮೂಡ್ತಾ ಇರುತ್ತಲ್ಲ, ಒಂದೊಂದೇ ಗೆರೆ, ಅದನ್ನ ನೋಡಬೇಕಿತ್ತು."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಎರಡು ಸಲ ತೆಗೆದೆ ಅಲ್ವಾ?" ಅವರು ನಕ್ಕರು. "ನನಗೊತ್ತು. ಉಸಿರು ಬಿಡು ಈಗ."

ಸೋಫಾದ ಮುಂದಿನ ಮೇಜಿನ ಮೇಲೆ ಟೇಪಿನ ಒಂದು ತುಂಡು ಬಿದ್ದಿತ್ತು. ಅದರ ಮೇಲೆ ಪೆನ್ಸಿಲ್ ಸೀಸದ ಕಪ್ಪು ಕಲೆ, ಪಕ್ಕದಲ್ಲಿ ಅದರದೇ ಬೂದು ಅಚ್ಚು, ಮುಂದೆ ಹೊಗೆಯಂಥದೊಂದು. ಅದರಾಚೆ ಟೇಪು ಬರಿದಾಗಿ ಕಾಣುತ್ತಿತ್ತು. ಅವಳು ಅಂಚಷ್ಟೇ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. ಬೆನ್ನ ಹಿಂದೆ ಯಾರೋ ಗುಂಡಿ ಒತ್ತಿದರು. ಲಿಫ್ಟ್ ಕೆಳಗಿಳಿಯತೊಡಗಿತು, ಬೆರಳುಗಳ ನಡುವೆ ಟೇಪು ಸಣ್ಣಗೆ ನಡುಗಿತು.