ಲೋಳೆಯೊಳಗಿನ ಮನೆ

ಆಸ್ಪತ್ರೆಯ ನೀರು ಪರೀಕ್ಷಿಸುವವಳನ್ನು ಎಲ್ಲರೂ ನೀರಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೆಲಸ ಅಚ್ಚುಕಟ್ಟು. ನಲ್ಲಿ ತಿರುಗಿಸಿ ಎರಡು ನಿಮಿಷ ನೀರು ಹರಿಯಬಿಡುವಳು, ನಲ್ಲಿಯ ಬಾಯನ್ನು ಬೆಂಕಿಯಲ್ಲಿ ಸುಡುವಳು, ಆಮೇಲೆ ಬಾಟಲಿ ಹಿಡಿಯುವಳು. ಮೂರನೆಯ ಮಹಡಿಯಲ್ಲಿ ಇಬ್ಬರು ರೋಗಿಗಳಿಗೆ ಒಬ್ಬರ ಹಿಂದೊಬ್ಬರಿಗೆ ನ್ಯುಮೋನಿಯಾ ಬಂದಾಗ ಮೂರು ಸಲ ಹಾಗೆಯೇ ನೀರು ಹಿಡಿದಿದ್ದಳು. ಮೂರು ಸಲವೂ ಪ್ರಯೋಗಾಲಯದ ತಟ್ಟೆಯಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ನೀರು ಸುರಕ್ಷಿತ ಎಂದು ಬರೆದು ಸಹಿ ಹಾಕಿದಳು. ಇಬ್ಬರಲ್ಲಿ ಒಬ್ಬರು ತೀರಿಕೊಂಡರು.

ಅದೇ ಮಹಡಿಯ ಕೊನೆಯ ಕೋಣೆಯಲ್ಲಿ ಅವಳ ನಾದಿನಿ ಇದ್ದಳು. ಹೊಸ ಕಿಡ್ನಿ ಹಾಕಿ ಹದಿನೇಳು ದಿನ. ಕೊಟ್ಟವನು ನೀರಕ್ಕನ ಗಂಡ. ದೇಹ ಆ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಗಳು ರೋಗ ತಡೆಯುವ ಒಳಗಿನ ಕಾವಲನ್ನೇ ಮಲಗಿಸಿದ್ದವು.

"ನಿಮ್ಮ ಗಂಡನ ಅರ್ಧ ಆಸ್ತಿ ನನ್ನ ಹೊಟ್ಟೇಲಿದೆ ಅತ್ತಿಗೆ, ನನ್ನ ಹತ್ರ ಜಗಳಕ್ಕೆ ಬರಬೇಡಿ," ಎಂದು ಅವಳು ಬೆಳಿಗ್ಗೆಯಷ್ಟೇ ನಕ್ಕಿದ್ದಳು. "ಇವತ್ತು ತಲೆಗೆ ಸ್ನಾನ. ಹನ್ನೊಂದು ಗಂಟೆಗೆ. ಡಾಕ್ಟ್ರು ಹೂಂ ಅಂದ್ರು."

"ಮಾಡ್ಕೊಳ್ಳೇ ತಾಯಿ. ನರ್ಸುಗಳೂ ಸ್ವಲ್ಪ ಉಸಿರಾಡಲಿ."

ಕೆಳಗಿಳಿಯುವಾಗ ಮೆಟ್ಟಿಲಲ್ಲಿ ಪ್ಲಂಬರ್ ಸಿಕ್ಕಿದ. ಚೀಲದಿಂದ ಒಂದು ಶವರ್ ತಲೆ ತೆಗೆದು ತೋರಿಸಿದ. ಮೂರನೆಯ ಮಹಡಿಯದು, ನೀರು ಸಣ್ಣಗೆ ಬರುತ್ತದೆಂದು ಬಿಚ್ಚಿ ಹೊಸದು ಹಾಕಿದ್ದನಂತೆ. ಒಳಗೆಲ್ಲ ಕಂದು ಲೋಳೆ.

"ನೀವು ನಲ್ಲಿಗೆ ಮುಖ ತೊಳೆಸಿ, ಪೌಡರ್ ಹಚ್ಚಿ ಫೋಟೋ ಹಿಡೀತೀರಿ ಅಕ್ಕ. ಎದ್ದ ಮುಖ ಹೇಗಿರುತ್ತೆ ಅಂತ ನಮ್ಮನ್ನ ಕೇಳಿ. ಉಳಿದ ಶವರ್‌ಗಳೂ ಹೀಗೇ ಇವೆ. ಪೈಪೊಳಗಂತೂ ಕೇಳ್ಲೇಬೇಡಿ."

ಮಾತು ಮುಳ್ಳಿನಂತೆ ನಾಟಿತು. ಶವರ್ ತಲೆಯನ್ನು ಇಸಿದುಕೊಂಡು ಪ್ರಯೋಗಾಲಯಕ್ಕೆ ಹೋಗಿ, ಲೋಳೆ ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಅಮೀಬಾ ಅವಳಿಗೆ ಹೊಸದಲ್ಲ. ಲೋಳೆಯಲ್ಲಿ ತೆವಳಿಕೊಂಡು ಬ್ಯಾಕ್ಟೀರಿಯಾ ತಿಂದು ಬದುಕುವ ಜೀವ. ಆದರೆ ಇದು ತೆವಳುತ್ತಿರಲಿಲ್ಲ. ಉಬ್ಬಿ ಗುಂಡಾಗಿತ್ತು. ಒಳಗೆ ಕಡ್ಡಿಯಂಥ ಬ್ಯಾಕ್ಟೀರಿಯಾಗಳು ಕಾಲಿಡಲು ಜಾಗವಿಲ್ಲದ ಸಂತೆಯಂತೆ ನೂಕಾಡುತ್ತಿದ್ದವು. ತಿಂದವನ ಹೊಟ್ಟೆಯಲ್ಲೇ ತಿನಿಸು ಸಂಸಾರ ಹೂಡಿತ್ತು. ಟ್ಯಾಂಕಿಗೆ ಸುರಿದ ಕ್ಲೋರಿನ್ ಆ ಮನೆಯೊಳಕ್ಕೆ ಹೋಗಿರಲಿಲ್ಲ. ಅವಳು ನೋಡುತ್ತಿದ್ದಂತೆಯೇ ಅಮೀಬಾ ಒಡೆಯಿತು. ಒಳಗಿದ್ದವೆಲ್ಲ ಹೊರಗೆ ಚೆಲ್ಲಿದವು.

ಇವೇ ಆ ಇಬ್ಬರನ್ನು ಹಿಡಿದವೆಂದು ಹೇಳಲು ಇನ್ನೂ ಎಷ್ಟೋ ದಿನ ಬೇಕು. ಆದರೆ ತನ್ನ ತಪ್ಪು ಅವಳಿಗೆ ಆಗಲೇ ಹೊಳೆದಿತ್ತು. ಬಾಟಲಿ ಹಿಡಿಯುವ ಮೊದಲು ನೀರು ಹರಿಯಬಿಟ್ಟ ಆ ಎರಡು ನಿಮಿಷಗಳಲ್ಲಿ ಪ್ರತಿ ಸಲವೂ ಸಾಕ್ಷಿಯನ್ನು ತಾನೇ ಮೋರಿಗೆ ಬಿಟ್ಟಿದ್ದಳು.

ಗಡಿಯಾರದಲ್ಲಿ ಹನ್ನೊಂದು ದಾಟಿತ್ತು.

ನಾದಿನಿ ಫೋನ್ ಎತ್ತಲಿಲ್ಲ. ವಾರ್ಡಿನದು ಬಿಜಿ. ನೀರಕ್ಕ ಮೆಟ್ಟಿಲು ಹತ್ತಿ ಓಡಿದಳು. ಬಚ್ಚಲ ಬಾಗಿಲಿನ ಸಂದಿಯಲ್ಲಿ ಆವಿ ಬರುತ್ತಿತ್ತು. ಆವಿಯಲ್ಲಿ ತೇಲುವ ಆ ಸಣ್ಣ ಹನಿಯೇ ವೈರಿ; ಕುಡಿದರಲ್ಲ, ಉಸಿರಿಗೆ ಎಳೆದುಕೊಂಡರೆ.

"ನೀರು ನಿಲ್ಸೇ! ಹೊರಗೆ ಬಾ!"

"ಅಯ್ಯೋ ಅತ್ತಿಗೆ, ತಲೆ ತುಂಬಾ ಸೋಪು! ಮೈಮೇಲೆ ಬಟ್ಟೆಯಿಲ್ಲ!"

"ಹಾಳಾಗ್ಲಿ ಸೋಪು. ಬಾಗಿಲು ತೆಗಿ!"

ಟವಲ್ ಸುತ್ತಿಕೊಂಡು ನಗುತ್ತ ಬಂದವಳು ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿದಳು.

"ಎಷ್ಟು ಹೊತ್ತಾಯ್ತು ನೀರು ಬಿಟ್ಟು?"

"ಹತ್ತು ನಿಮಿಷ ಆಗಿರಬಹುದು. ಬಿಸಿನೀರು ಹಿತವಾಗಿತ್ತು. ಯಾಕೆ?"

ಡಾಕ್ಟರ್ ಬಂದ ಮೇಲೆ ನೀರಕ್ಕ ನಿಂತಲ್ಲೇ ಹೇಳಿದಳು: "ನನ್ನ ಮೂರು ವರದಿಗಳೂ ತಪ್ಪು, ಸಾರ್. ಎಲ್ಲ ಶವರ್ ಮುಚ್ಚಿಸಿ."

"ಔಷಧ ಶುರು ಮಾಡೋಣ," ಎಂದರು ಡಾಕ್ಟರ್. "ಆದರೂ ಸೋಂಕು ತಗುಲಿದೆಯೋ ಇಲ್ಲವೋ ತಿಳಿಯಲು ಹತ್ತು ದಿನ ಕಾಯಲೇಬೇಕು."

ನರ್ಸ್ ಜ್ವರ ನೋಡಿದಳು. ಇರಲಿಲ್ಲ.

"ನೋಡಿ, ಕಲ್ಲುಗುಂಡಿನ ಹಾಗಿದೀನಿ," ಎಂದಳು ನಾದಿನಿ. ದನಿ ಮಾತ್ರ ಸಣ್ಣದಾಗಿತ್ತು.

ಇವತ್ತಿನ ಅಳತೆಗೆ ಅರ್ಥವಿಲ್ಲವೆಂದು ನೀರಕ್ಕನಿಗೆ ಗೊತ್ತಿತ್ತು. ಒಣ ಬಟ್ಟೆಯಿಂದ ಅವಳ ತಲೆಯ ಸೋಪು ಒರೆಸುತ್ತ, ಉಸಿರಿಗೆ ಆ ಬೆನ್ನು ಏರಿ ಇಳಿಯುವುದನ್ನೇ ನೋಡುತ್ತ ನಿಂತಳು.